ಕುದಿಸಿದ ಸೂಜಿ

೧೯೫೮ ಮಾರ್ಚ್ ೩, ಸೋಮವಾರ

ಬಂದು ಸೇರಿದೆ. ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಉರಿಗಾಂನಲ್ಲಿ ಇಳಿಯುವ ಹೊತ್ತಿಗೆ ನನ್ನ ಬಿಳಿ ಸೀರೆ ಬೂದಿ ಬಣ್ಣಕ್ಕೆ ತಿರುಗಿತ್ತು. ಗಣಿಯವರು ಚಿನ್ನ ತೆಗೆದುಕೊಂಡು ಉಳಿದ ಪುಡಿಮಣ್ಣನ್ನು ಗುಡ್ಡಗುಡ್ಡವಾಗಿ ಸುರಿದಿದ್ದಾರೆ. ಗಾಳಿ ಅದನ್ನು ಊರಿನ ಮೇಲೆ ಜರಡಿ ಹಿಡಿಯುತ್ತದೆ. ಚಿನ್ನ ಯಾರಿಗೋ, ದೂಳು ಇವರಿಗೆ. ಇವರನ್ನು ನೋಡಿದರೆ ಹಂಚಿಕೆ ಸರಿಯಾಗಿಯೇ ಆಗಿದೆ ಎನಿಸುತ್ತದೆ.

ಬಾಗಿಲಿಗೆ ‘ನರ್ಸಿಂಗ್ ಹೋಂ’ ಎಂದು ಹಲಗೆ ಹಾಕಿದ್ದಾರೆ. ನರ್ಸಿಂಗ್ ಎಂಬುದು ಇಲ್ಲ. ಹೋಮ ಮಾತ್ರ ಬೀಡಿ ಹೊಗೆಯಲ್ಲಿ ಮೂರು ಹೊತ್ತೂ ನಡೆಯುತ್ತದೆ. ಉದ್ದನೆಯ ಒಂದು ಹೆಂಚಿನ ಮನೆ, ನಡುವೆ ಒಂದು ಪರದೆ. ಆಚೆ ಕಡೆ ಗಣಿಯಲ್ಲಿ ಎದೆ ಹಾಳು ಮಾಡಿಕೊಂಡ ಮುದುಕರು, ಈಚೆ ಕಡೆ ಅವರಂಥವರನ್ನು ಕಟ್ಟಿಕೊಂಡು ಹಾಳಾದ ಮುದುಕಿಯರು. ಯಾರೋ ವರ್ತಕರು ಪುಣ್ಯಕ್ಕೆಂದು ನಡೆಸುತ್ತಾರಂತೆ. ಅವರ ಪರವಾಗಿ ಮ್ಯಾನೇಜರ್ ಜಯರಾಮಪ್ಪ ಇದ್ದಾನೆ. ಮೊದಲು ಜವಳಿ ಅಂಗಡಿಯಲ್ಲಿದ್ದನಂತೆ. ಈಗಲೂ ಮಾತನಾಡುವಾಗ ಎರಡು ಕೈಯನ್ನೂ ಬಟ್ಟೆ ಅಳೆಯುವವನ ಹಾಗೆ ಅಗಲಿಸುತ್ತಾನೆ. “ನಮ್ಮಲ್ಲಿ ಯಾವ ಕೊರತೆಯೂ ಇಲ್ಲ ಸಿಸ್ಟರ್,” ಎಂದು ಅಳೆದು ಕೊಟ್ಟ.

ಕಾಂಪೌಂಡರ್ ಬಚ್ಚಪ್ಪ ಎಂಬವನು ಇಂಜಕ್ಷನ್ ಕೊಡುವುದನ್ನು ಬಾಗಿಲಲ್ಲೇ ನಿಂತು ನೋಡಿದೆ. ಒಂದು ಸಿರಿಂಜು, ಒಂದು ಸೂಜಿ. ಒಬ್ಬನಿಗೆ ಚುಚ್ಚಿ, ಸ್ಪಿರಿಟ್ ಹತ್ತಿಯಿಂದ ಸೂಜಿಯ ಮೂತಿ ಒರೆಸಿ, ಮುಂದಿನವನಿಗೆ. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವನ ಹಾಗೆ ಸಾಲು ಮುಗಿಸಿದ.

“ಸೂಜಿ ಬದಲಿಸುವುದಿಲ್ಲವೆ?” ಎಂದೆ.

“ಎಲ್ಲಾರೂ ನಮ್ಮೋರೇ ಅಲ್ವಾ ನರ್ಸಮ್ಮಾ,” ಎಂದ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಕೋಣೆ ನೋಡಿಕೊಂಡಿದ್ದ ಅಶ್ವತ್ಥಮ್ಮ ಇಲ್ಲಿಗೆ ಬಂದು ಬಿದ್ದಿದ್ದಾಳೆ. ಅಲ್ಲಿಯೂ ನಾನು ಹೇಳಿದ್ದು ಸರಿಯೇ ಇತ್ತು. ಹೇಳಿದ ರೀತಿ ಸರಿಯಿರಲಿಲ್ಲವಂತೆ. ಕೀವಿಗೆ ರೀತಿ ನೀತಿ ಗೊತ್ತಿದೆಯೇ?

ಮಾರ್ಚ್ ೬

ಬಚ್ಚಪ್ಪ ಇನ್ನು ಮೇಲೆ ಸೂಜಿ ಮುಟ್ಟಕೂಡದು ಎಂದು ಆಜ್ಞೆ ಮಾಡಿದ್ದೇನೆ. ಮಾತ್ರೆ ಎಣಿಸಲಿ, ಔಷಧಿ ಕಲಸಲಿ, ಸ್ಟೌ ಹಚ್ಚಲಿ. ಮುಖ ಸಣ್ಣದಾಯಿತು. ಆಗಲಿ.

ನನ್ನ ಪದ್ಧತಿ ಇದು. ಬೆಳಿಗ್ಗೆ ಎದ್ದೊಡನೆ ಸಿರಿಂಜುಗಳನ್ನೂ ಸೂಜಿಗಳನ್ನೂ ನೀರಿನಲ್ಲಿ ಕುದಿಸುವುದು. ಕುದಿಸಿದ ಸೂಜಿಗಳನ್ನು ಇಕ್ಕಳದಿಂದ ಎತ್ತಿ ನೀಲಿ ಗಾಜಿನ ಜಾಡಿಯ ಲೋಷನ್‌ನಲ್ಲಿ ಮುಳುಗಿಸಿ ಬಿರಡೆ ಹಾಕುವುದು. ಈ ದೂಳಿನ ಊರಿನಲ್ಲಿ ತಟ್ಟೆಯ ಮೇಲೆ ಬಿಟ್ಟರೆ ಕುದಿಸಿದ್ದೂ ಒಂದೇ, ಬೀದಿಯಲ್ಲಿ ಹೊರಳಿಸಿದ್ದೂ ಒಂದೇ. ಪ್ರತಿಯೊಬ್ಬರಿಗೂ ಜಾಡಿಯಿಂದ ಒಂದು ಹೊಸ ಸೂಜಿ. ಪ್ರತಿ ಮಂಚಕ್ಕೂ ಒಮ್ಮೆ ಕೈ ತೊಳೆಯುವುದು. ಜಾಡಿಯನ್ನೂ ಲೋಷನ್ನನ್ನೂ ಬೆಂಗಳೂರಿನಿಂದ ನಾನೇ ಹೊತ್ತು ತಂದೆ. ಇಲ್ಲಿಯವರನ್ನು ನಂಬಿದ್ದರೆ ಉಪ್ಪಿನಕಾಯಿ ಭರಣಿ ಕೊಡುತ್ತಿದ್ದರು.

ನಾನು ಕೈ ತೊಳೆಯುವುದನ್ನು ಮುದುಕರು ಸಿನಿಮಾ ನೋಡುವ ಹಾಗೆ ನೋಡುತ್ತಾರೆ. ಒಬ್ಬ ಕೇಳಿದ: “ನರ್ಸಮ್ಮಂಗೆ ಮಡೀನಾ?” ಇನ್ನೊಮ್ಮೆ ಸೋಪು ಹಚ್ಚಿದೆ.

ಮಾರ್ಚ್ ೧೧

ಏಳನೆಯ ಮಂಚ ಮೊಂಡು ಹಿಡಿದಿದೆ. ಹೆಸರು ಮುನಿಸ್ವಾಮಪ್ಪ. ಮೈಸೂರು ಮೈನ್ಸಿನಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದವನು. ಈಗ ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಳ್ಳುತ್ತಾನೆ. ಆದರೂ ಜಗಳಕ್ಕೆ ಮಾತ್ರ ಉಸಿರು ಸಾಲುತ್ತದೆ. ಜಾಡಿಯ ಬಿರಡೆ ತೆಗೆದಾಗ ಮುಖ ತಿರುಗಿಸಿಕೊಂಡು, “ಆ ವಾಸ್ನೆ ನೀರಲ್ಲಿ ಅದ್ದಿದ್ ಸೂಜಿ ನಂಗೆ ಬ್ಯಾಡ,” ಎಂದ.

“ಏಕೆ ಬೇಡ?”

“ನಮ್ ತಮ್ಮ ಒಳ್ಗಡೆ ಬಂಡೆ ಸಿಡ್ದು ಸತ್ತೋದಾಗ ಎಣ ತೊಳ್ದಿದ್ದು ಇದೇ ವಾಸ್ನೆ ನೀರಲ್ಲಿ. ಇದನ್ನ ನನ್ ಮೈಗೆ ಬಿಟ್ಕೊಳಲ್ಲ. ಬೇಕಾದ್ರೆ ಕುದಿಯೋ ನೀರಿಂದ ತಗ್ದು ಚುಚ್ಚು. ಇಲ್ದಿದ್ರೆ ಓಗು.”

ಹೆಣಕ್ಕೂ ಸೂಜಿಗೂ ವ್ಯತ್ಯಾಸ ತಿಳಿಯದವನೊಂದಿಗೆ ವಾದ ಏನು? ಅವನ ಪಾಲಿನ ಸೂಜಿಯನ್ನು ಬೇರೆಯಾಗಿ ಕುದಿಸಿ, ನೀರಿನಿಂದ ನೇರವಾಗಿ ಎತ್ತಿ ಚುಚ್ಚಿದೆ. ಇವನ ಹುಚ್ಚಿಗೆ ದಿನವೂ ನನ್ನ ಸೀಮೆಎಣ್ಣೆ ದಂಡ. ನಾಳೆ ಆರನೆಯ ಮಂಚ ತನ್ನ ಸೂಜಿಗೆ ಒಗ್ಗರಣೆ ಹಾಕಲು ಹೇಳಬಹುದು.

ಮಾರ್ಚ್ ೧೫

ಇವರ ಭಾಷೆ! ‘ಹೋಗು’ ಎನ್ನಲು ಬಾರದು, ‘ಓಗು’. ‘ಹಾಲು’ ‘ಆಲು’. ‘ಹ’ ಎಂಬ ಅಕ್ಷರ ಬಂಗಾರಪೇಟೆ ಸ್ಟೇಷನ್ನಿನಲ್ಲೇ ಇಳಿದುಹೋಗುತ್ತದೆ. ನಾನೂ ಅದೇ ಸೀಮೆಯಲ್ಲಿ ಹುಟ್ಟಿದವಳು ಎಂದು ಇಲ್ಲಿ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆ ಭಾಷೆಯನ್ನು ಬಹಳ ಕಷ್ಟಪಟ್ಟು ನಾಲಗೆಯಿಂದ ಕಿತ್ತು ಹಾಕಿದ್ದೇನೆ.

ಹೆಂಗಸರ ಕಡೆಯ ನಾಲ್ಕನೆಯ ಮಂಚದ ಮುದುಕಿಗೆ ಪೆನಿಸಿಲಿನ್ ಶುರುವಾಗಿದೆ. ಕೆಮ್ಮು ಎದೆಗಿಳಿದಿದೆ. ಗಣಿಯ ಬಾಗಿಲಲ್ಲಿ ಇಡ್ಲಿ ಮಾರುತ್ತಿದ್ದವಳಂತೆ. ಇಲ್ಲಿನ ಗಂಡಸರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಅವಳ ಇಡ್ಲಿ ತಿಂದವರೇ. ಪರದೆಯ ಆಚೆಗೆ ಕೂಗಿ, ಯಾರು ಎಷ್ಟು ಚಟ್ನಿ ಹಾಕಿಸಿಕೊಳ್ಳುತ್ತಿದ್ದರು ಎಂಬ ಪುರಾಣ ಬಿಚ್ಚುತ್ತಾಳೆ. ಮಧ್ಯೆ ತಮಿಳು, ಕೊನೆಗೆ ತೆಲುಗು. ಸುಮ್ಮನಿರು ಎಂದರೆ, “ಬಾಯಿ ಮುಚ್ಕೊಂಡ್ ಯಾಪಾರ ಆಗ್ತದಾ ನರ್ಸಮ್ಮಾ?” ಎನ್ನುತ್ತಾಳೆ. ಇಲ್ಲಿ ಏನು ವ್ಯಾಪಾರ ಮಾಡುತ್ತಾಳೋ.

ಮಾರ್ಚ್ ೨೧

ಎರಡನೆಯ ಮಂಚಕ್ಕೆ ಇಂಜಕ್ಷನ್ ಕೊಟ್ಟ ಜಾಗದಲ್ಲಿ ಕುರು ಎದ್ದಿದೆ. ಮುಟ್ಟಿದರೆ ಬಿಸಿ. ಕೋಲಾರದಿಂದ ವಾರಕ್ಕೊಮ್ಮೆ ಬರುವ ಡಾಕ್ಟರು ಕೊಯ್ದರು. ಹಸಿರು ಬಣ್ಣದ ಕೀವು.

“ಸೂಜಿ ಯಾರು ಕೊಡುತ್ತಿದ್ದೀರಿ?” ಎಂದರು.

“ನಾನೇ,” ಎಂದೆ. ಅವರು ಮುಂದೆ ಕೇಳಲಿಲ್ಲ. ನನ್ನ ಪದ್ಧತಿಯನ್ನು ನೋಡಿ ಹೊಗಳಿದವರು ಅವರೇ.

ಆದರೆ ನನಗೆ ಗೊತ್ತು. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಇವರು ಬಚ್ಚಪ್ಪನನ್ನು ಕರೆಯುತ್ತಾರೆ. ಅವನ ಕೈ ಮೃದುವಂತೆ. ಹಂದಿಗೂ ಮೃದುವಾದ ಮೂತಿ ಇರುತ್ತದೆ.

ಮಾರ್ಚ್ ೨೮

ಹಿಡಿದೆ. ಊಟ ಅರ್ಧಕ್ಕೆ ಬಿಟ್ಟು ಬಂದೆ. ಬಚ್ಚಪ್ಪ ಎರಡನೆಯ ಮಂಚದ ಪಕ್ಕದಲ್ಲಿ ಸಿರಿಂಜು ಹಿಡಿದು ಬಗ್ಗಿದ್ದ.

“ಮಧ್ಯಾನದ್ ಸೂಜಿ ಬಾಕಿ ಇತ್ತು. ನೀವ್ ಕೊಟ್ರೆ ಬೋ ನೋಯ್ತದೆ ಅಂತ ತಾತ ಅತ್ತ. ಅದ್ಕೇ…” ಎಂದು ತೊದಲಿದ.

“ಕೈ ತೋರಿಸು.”

ತೋರಿಸಿದ. ಎಲೆ ಅಡಿಕೆಯ ಕೆಂಪು ಉಗುರಿನ ಸಂದಿಯಲ್ಲಿ ಹಾಗೆಯೇ ಇತ್ತು. ಕೈಯನ್ನು ಹಾಗೆಯೇ ಹಿಡಿದು ಎಳೆದುಕೊಂಡು ಹೋಗಿ ಜಯರಾಮಪ್ಪನ ಮೇಜಿನ ಮೇಲೆ ಇಟ್ಟೆ. “ಈ ಕೈ ಇಲ್ಲಿರಬೇಕೋ ನಾನಿರಬೇಕೋ ಹೇಳಿ,” ಎಂದೆ. ಜಯರಾಮಪ್ಪ ಅಳೆಯಲಿಲ್ಲ, ಕತ್ತರಿಸಿಯೇ ಬಿಟ್ಟ. ಬಚ್ಚಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, ಒಳಗೆ ಹೋಗಿ ಎಲ್ಲರಿಗೂ ಕೈ ಮುಗಿದು ಬೇತಮಂಗಲದ ಬಸ್ಸು ಹತ್ತಿದ.

ಇಂದು ಒಳ್ಳೆಯ ಕೆಲಸವಾಯಿತು.

ಏಪ್ರಿಲ್ ೧

ಯಾರೂ ನನ್ನೊಂದಿಗೆ ಮಾತನಾಡುವುದಿಲ್ಲ. ಚುಚ್ಚುವಾಗ ಗೋಡೆ ನೋಡುತ್ತಾರೆ. ಹಾಯಾಗಿದೆ. ನಾಲ್ಕನೆಯ ಮಂಚ ಮಾತ್ರ ಬಾಯಿ ಮುಚ್ಚುವುದಿಲ್ಲ: “ಬಚ್ಚಪ್ಪ ನನ್ ಇಡ್ಲಿ ತಿಂದೇ ಬೆಳ್ದೋನು ಕಣಮ್ಮಾ. ಅವನ್ ಮಗಳ್ಗೆ ಈ ವರ್ಸ ಲಗ್ನ.” ಅದಕ್ಕೆ ನಾನೇನು ಮಾಡಲಿ? ಕೀವನ್ನು ಉಡುಗೊರೆ ಕೊಡಲೇ?

ಏಪ್ರಿಲ್ ೯

ಒಂಬತ್ತನೆಯ ಮಂಚಕ್ಕೆ ಕುರು.

ಬಚ್ಚಪ್ಪ ಬಿತ್ತಿದ್ದು ಈಗ ಮೊಳಕೆ ಒಡೆಯುತ್ತಿದೆ. ಅಂಥವರು ಹೋದರೂ ಅವರ ಕೈ ಉಳಿದಿರುತ್ತದೆ.

ಲೋಷನ್ ಕಡಿಮೆಯಾಗಿತ್ತು. ಜಾಡಿಯ ಕಂಠದವರೆಗೆ ಮತ್ತೆ ತುಂಬಿದೆ. ಸೂಜಿಗಳು ಇನ್ನೂ ಹೆಚ್ಚು ಹೊತ್ತು ಅದರಲ್ಲಿರಲಿ.

ಏಪ್ರಿಲ್ ೧೪

ಇನ್ನಿಬ್ಬರಿಗೆ. ಒಬ್ಬಳು ಇಡ್ಲಿಯ ಮುದುಕಿ, ಕನಕಮ್ಮ. ಕೂರಲು ಆಗುತ್ತಿಲ್ಲ. ಮಗ್ಗುಲಾಗಿ ಮಲಗಿಕೊಂಡೇ ಪರದೆಯಾಚೆ ಕೂಗುತ್ತಾಳೆ.

ಜಯರಾಮಪ್ಪ ಬಂದು ಬಾಗಿಲಲ್ಲಿ ನಿಂತು, “ಏನ್ ಸಿಸ್ಟರ್, ಅವನು ಹೋದ ಮೇಲೂ…” ಎಂದ. ಮಾತು ಮುಗಿಸುವ ಧೈರ್ಯವಿಲ್ಲ. “ದೂಳು,” ಎಂದೆ. “ಕಿಟಕಿಗೆ ಬಟ್ಟೆ ಕಟ್ಟಿಸಿ.” ಕಟ್ಟಿಸಿದ. ಒಳಗೆ ಉಬ್ಬೆಗೆ ಹಾಕಿದ ಹಾಗಿದೆ. ಮುದುಕರಿಗೆ ಉಸಿರು ಮೊದಲೇ ಇಲ್ಲ.

ಇಂದು ಎಲ್ಲವನ್ನೂ ಎರಡೆರಡು ಸಲ ಕುದಿಸಿದೆ. ಕೈ ತೊಳೆದು ತೊಳೆದು ಚರ್ಮ ಒಡೆದಿದೆ. ನಾನು ತಪ್ಪಿಲ್ಲದೆ ಮಾಡುತ್ತಿರುವಾಗ ಇವರ ಮೈ ಏಕೆ ಕೊಳೆಯಬೇಕು? ಇವರ ಮೈಯೇ ಹಾಗೆ.

ಏಪ್ರಿಲ್ ೧೭

ಕನಕಮ್ಮನ ಕುರು ಕೊಯ್ದರು. ಅದೇ ಹಸಿರು. ಜ್ವರ ಇಳಿಯಲಿಲ್ಲ.

ಏಪ್ರಿಲ್ ೧೯

ದಿನವೆಲ್ಲ ಕನಕಮ್ಮನ ಹತ್ತಿರವೇ ಆಯಿತು. ಒದ್ದೆ ಬಟ್ಟೆ ಹಾಕಿದೆ. ಮಾತು ನಿಲ್ಲಿಸು ಎಂದೆ, ನಿಲ್ಲಿಸಲಿಲ್ಲ. ಒಬ್ಬಳು ಮಗಳಿದ್ದಾಳಂತೆ, ಮುನಿನಾರಾಯಣಮ್ಮ. ಬಂಗಾರಪೇಟೆಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದಾರೆ. ಬೇಸಗೆಯಲ್ಲಿ ಮಾಲೂರಿನ ಕಡೆ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗುತ್ತಾಳೆ. “ನನ್ ಕೈಯ್ಯಿ ಆವಿಯಲ್ಲಿ ಬೇಯ್ತು, ಅವಳ್ದು ಬೆಂಕಿಯಲ್ಲಿ ಬೇಯ್ತಾ ಐತೆ,” ಎಂದಳು. ಆಮೇಲೆ ನನ್ನ ಕೈಯನ್ನು ಹಿಡಿದು ನೋಡಿ, “ನಿಂಗೇನಾಯ್ತು, ಇಷ್ಟೊಂದು ಸೀಳೈತೆ? ಕೊಬ್ರಿ ಎಣ್ಣೆ ಅಚ್ಕೋ,” ಎಂದಳು.

ಔಷಧಿಯ ವಿಷಯದಲ್ಲಿ ನನಗೇ ಹೇಳಿಕೊಡುತ್ತಾಳೆ. ಇದು ಇವರ ಜಾಯಮಾನ.

ಹಚ್ಚಿಕೊಂಡೆ. ಉರಿ ಕಡಿಮೆಯಾಗಿದೆ.

ಏಪ್ರಿಲ್ ೨೨

ಮುನಿಸ್ವಾಮಪ್ಪ ಇಂದು ಎಲ್ಲರೆದುರು ಬೀಗಿದ. ಚುಚ್ಚಲು ಹೋದಾಗ ಪಂಚೆ ಸರಿಸಿ, ಆಚೀಚೆ ಮಂಚದವರಿಗೆ ಪ್ರದರ್ಶನ ಕೊಟ್ಟ. “ನೋಡ್ರಲಾ! ಎಲ್ಲಾರ್ಗೂ ಗಂಟು, ನಂಗೊಬ್ಬಂಗೆ ಏನೂ ಇಲ್ಲ. ಒಂದ್ ಚೂರು ಕೆಂಪೂ ಇಲ್ಲ. ಗಣಿ ಚರ್ಮ ಕಣ್ಲಾ ಇದು!”

“ಬಾಯಿ ಮುಚ್ಚಿ ತಿರುಗು,” ಎಂದೆ. ಎಲ್ಲರೂ ನಕ್ಕರು. ನಗುವಷ್ಟು ಶಕ್ತಿಯಿದ್ದವರು ನಕ್ಕರು.

ಗಣಿ ಚರ್ಮವಂತೆ. ಒಂಬತ್ತನೆಯವನೂ ಗಣಿಯವನೇ, ಎರಡನೆಯವನೂ ಗಣಿಯವನೇ. ಅದೇ ಔಷಧಿ, ಅದನ್ನು ಕಲಸುವ ಅದೇ ಭಟ್ಟಿ ಇಳಿಸಿದ ನೀರು, ಅದೇ ಸಿರಿಂಜುಗಳು, ಅದೇ ನನ್ನ ಕೈ.

ಇವನಿಗೆ ಬೇರೆಯಾಗಿರುವುದು ಒಂದೇ. ಇವನ ಸೂಜಿ ಜಾಡಿಗೆ ಇಳಿಯುವುದಿಲ್ಲ.

ಏಪ್ರಿಲ್ ೨೩

ನಿನ್ನೆ ಬರೆದ ಕೊನೆಯ ಸಾಲನ್ನು ಬೆಳಿಗ್ಗೆ ಓದಿದೆ. ಹುಚ್ಚು ಎನಿಸಿತು. ಲೋಷನ್ನಿಗೆ ಕ್ರಿಮಿ ಅಂಟುವುದೆಂದರೆ ಸೋಪಿಗೆ ಕೊಳೆ ಅಂಟಿದ ಹಾಗೆ.

ಆದರೂ ಬಿರಡೆಯನ್ನು ತೆಗೆದು ತಿರುಗಿಸಿ ನೋಡಿದೆ. ಬೆಂಡಿನ ಬಿರಡೆ. ಕೆಳಭಾಗ ಕೊಳೆತು ಲೋಳೆ ಲೋಳೆಯಾಗಿತ್ತು. ಬಂದ ದಿನದಿಂದ ಜಾಡಿಯನ್ನು ಬರಿದು ಮಾಡಿ ತೊಳೆದದ್ದಿಲ್ಲ. ಕಡಿಮೆಯಾದಾಗಲೆಲ್ಲ ಮೇಲಿನಿಂದ ತುಂಬಿದ್ದೇನೆ. ದುಬಾರಿ ಲೋಷನ್, ಚೆಲ್ಲುವುದು ಹೇಗೆಂದು.

ಇಂದು ಎಲ್ಲರಿಗೂ ಕುದಿಯುವ ನೀರಿನಿಂದ ನೇರವಾಗಿ ಎತ್ತಿ ಕೊಟ್ಟೆ. ಜಾಡಿಯನ್ನು ತೊಳೆಯದೆ ಹಾಗೆಯೇ ಡಾಕ್ಟರ ಕೈಗೆ ಕೊಟ್ಟು ಪರೀಕ್ಷೆಗೆ ಕಳಿಸಿದ್ದೇನೆ. ಏನೂ ಇಲ್ಲ ಎಂದು ಬರಲಿ, ಜಯರಾಮಪ್ಪನ ಬಾಯಿ ಮುಚ್ಚುತ್ತದೆ ಎಂದೇ ಕಳಿಸಿದ್ದು.

ಏಪ್ರಿಲ್ ೨೫

ಕನಕಮ್ಮ ಮಧ್ಯಾಹ್ನ ಹೋದಳು. ನಂಜು ಮೈಯೆಲ್ಲ ಏರಿತ್ತು. ಬೆಳಗಿನಿಂದ ಮಾತಿರಲಿಲ್ಲ. ಪರದೆಯ ಆಚೆಯಿಂದ ಮುನಿಸ್ವಾಮಪ್ಪ, “ಏನಮ್ಮಾ ಕನಕಾ, ಇವತ್ತು ಅಂಗ್ಡಿ ತಗ್ದಿಲ್ವಾ?” ಎಂದು ಕೂಗುತ್ತಲೇ ಇದ್ದ. ಯಾರೂ ಉತ್ತರ ಕೊಡದಿದ್ದಾಗ ಅವನೇ ಪರದೆ ಸರಿಸಿ ಬಂದ. ಅಷ್ಟು ದೂರ ನಡೆಯಲು ಅವನಿಗೆ ಎಷ್ಟು ಹೊತ್ತಾಯಿತೋ. ತಡೆಯಲು ಹೋಗಲಿಲ್ಲ.

ಮಗಳಿಗೆ ಹೇಳಿ ಕಳಿಸಿದರೆ, ಗೂಡು ಬದಲಿಸಿದ್ದಾರೆ, ಎಲ್ಲಿಗೋ ತಿಳಿಯದು ಎಂದು ಬಂತು. ಇಲ್ಲಿಯವರೇ ಮಣ್ಣು ಮಾಡಿದರು.

ಏಪ್ರಿಲ್ ೨೬

ಬರೆಯಲು ಏನೂ ಇಲ್ಲ.

ಮೇ ೨

ಡಾಕ್ಟರು ಬಂದರು. ನನ್ನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು. ಲೋಷನ್‌ನಲ್ಲಿ ಕ್ರಿಮಿಯಿತ್ತು. ಕನಕಮ್ಮನ ಕುರು ಕೊಯ್ದಾಗ ಅವರು ತೆಗೆದಿಟ್ಟುಕೊಂಡಿದ್ದ ಕೀವಿನಲ್ಲಿದ್ದದ್ದೂ ಅದೇ. ಅದು ಬೆಂಡಿನ ಬಿರಡೆಯೊಳಗೆ ಮನೆ ಮಾಡಿಕೊಂಡು, ಹಳತಾದ ಲೋಷನ್‌ನಲ್ಲಿ ಸಾಯದೆ ಬೆಳೆಯುತ್ತದಂತೆ. ಕುದಿಸಿ ಶುದ್ಧವಾದ ಸೂಜಿಗಳನ್ನು ನಾನು ದಿನವೂ ಅದರಲ್ಲಿ ಅದ್ದಿ, ಒಬ್ಬೊಬ್ಬರಿಗೂ ಕೈ ತೊಳೆದುಕೊಂಡು, ಹಂಚಿದ್ದೇನೆ.

“ನಿಮ್ಮ ತಪ್ಪಲ್ಲ ಸಿಸ್ಟರ್. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೇ ಆಗಿದೆ. ಬಹಳ ಜನಕ್ಕೆ ಗೊತ್ತಿಲ್ಲ,” ಎಂದರು. ಅವರ ಕರುಣೆ ನನಗೆ ಬೇಕಾಗಿರಲಿಲ್ಲ. ಕರುಣೆಯನ್ನು ಯಾರ ಮೇಲೆ ಬೇಕಾದರೂ ಉಗುಳಬಹುದು, ಎಲೆ ಅಡಿಕೆಯ ಹಾಗೆ.

ಜಯರಾಮಪ್ಪ ಮಾತ್ರ ತನ್ನ ಯೋಗ್ಯತೆಗೆ ತಕ್ಕ ಹಾಗೆ ನಡೆದುಕೊಂಡ. ಬಾಗಿಲು ಮುಚ್ಚಿ, ಕೈ ಅಗಲಿಸಿ, “ಇದು ಹೊರಗೆ ಹೋಗೋದು ಬೇಡ. ಹೇಗೂ ಆ ಬಚ್ಚಪ್ಪನ ಹೆಸರು ಕೆಟ್ಟಿದೆ, ಊರೆಲ್ಲ ಅವನೇ ಅಂತ ಮಾತಾಡ್ತಿದೆ. ಅವನ ಮೇಲೇ ಇರಲಿ. ಮುದುಕಿಗೆ ವಯಸ್ಸಾಗಿತ್ತು, ಅಷ್ಟೇ,” ಎಂದ.

ಇಂಥವನ ಎದುರು ನಿಂತು ಅವನ ಮಾತಿಗೆ ನಾನು ಬಾಯಿ ಬಿಡಲಿಲ್ಲ. ತಲೆಯಾಡಿಸಿದೆನೋ ಏನೋ. ಆಡಿಸಿದೆ ಎಂದೇ ಕಾಣುತ್ತದೆ. ಅವನು ನಕ್ಕ.

ಮೇ ೪, ಭಾನುವಾರ

ಬೇತಮಂಗಲಕ್ಕೆ ಹೋಗಿ ಬಂದೆ.

ಬಸ್ಸಿನಲ್ಲಿ ಪಕ್ಕದವಳ ಕೋಳಿ ನನ್ನ ಮಡಿಲಲ್ಲೇ ಕುಳಿತಿತ್ತು. ಬಚ್ಚಪ್ಪ ಎಲ್ಲಿ ಎಂದು ಕೇಳಿದರೆ, “ಯಾರು, ಸೂಜಿ ಬಚ್ಚಪ್ಪನಾ?” ಎಂದು ಒಬ್ಬ ನಕ್ಕು ಕೆರೆಯ ಕಡೆಗೆ ಕೈ ತೋರಿಸಿದ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊಲಿಯುತ್ತಿದ್ದ. ಮೈಯೆಲ್ಲ ಹೊಟ್ಟು. ನನ್ನನ್ನು ನೋಡಿ ಎದ್ದು ನಿಂತ, ಆಮೇಲೆ ಏಕೆ ಎದ್ದೆ ಎಂಬಂತೆ ಮತ್ತೆ ಕುಳಿತ.

ನಿಂತುಕೊಂಡೇ ಹೇಳಿದೆ. ಜಾಡಿ, ಬಿರಡೆ, ಕನಕಮ್ಮ, ಎಲ್ಲವನ್ನೂ. ಅವನು ದಾರ ಎಳೆಯುತ್ತಲೇ ಕೇಳಿದ. ಕನಕಮ್ಮನ ಹೆಸರಿಗೆ ಮಾತ್ರ ದಬ್ಬಳ ನಿಂತಿತು.

“ನನ್ ಕೈ ಕೊಳಕೇ ಇತ್ತು ನರ್ಸಮ್ಮಾ. ನೀವ್ ಅಂದಿದ್ ಸುಳ್ಳಲ್ಲ. ನೀವ್ ತೊಳೆಯೋದ್ ನೋಡಿ ನಾನೂ ತೊಳ್ಯಕ್ಕೆ ಸುರು ಮಾಡಿದ್ದೆ. ಅವತ್ತೂ ತೊಳ್ದಿದ್ದೆ. ಉಗುರಲ್ಲಿದ್ದಿದ್ ಓಗಿರ್ಲಿಲ್ಲ, ಅಷ್ಟೇ.”

ಅವನು ಕೈ ತೊಳೆಯುತ್ತಿದ್ದನೇ? ನಾನು ಗಮನಿಸಿರಲಿಲ್ಲ.

“ಮಗಳ ಲಗ್ನ?” ಎಂದೆ.

“ಗಂಡಿನ ಕಡೇರು ಇಂದೆ ಸರಿದ್ರು. ಮುದುಕ್ರನ್ನ ಕೊಳೆಸ್ದೋನ್ ಮನೆ ಎಣ್ಣು ಬ್ಯಾಡ ಅಂತ. ಆ ಅಂಗ್ಡಿ ಮುಂದೆ ಕೂತವ್ರಲ್ಲ, ಅವ್ರೇ.”

ಗಿರಣಿಯ ಎದುರಿನ ಅಂಗಡಿಯ ಜಗಲಿಯ ಮೇಲೆ ನಾಲ್ಕಾರು ಜನ ಕುಳಿತು ಟೀ ಕುಡಿಯುತ್ತಿದ್ದರು. ನೇರವಾಗಿ ಹೋದೆ. ಬೆಂಗಳೂರಿನ ಮಾತಿನಲ್ಲಿ ಶುರು ಮಾಡಿದೆ. ಬೆಪ್ಪಾಗಿ ನೋಡಿದರು. ಕೊನೆಗೆ ಸಿಟ್ಟು ಬಂದು, “ತಪ್ಪು ನಂದು ಕಣ್ರಯ್ಯಾ! ಬಚ್ಚಪ್ಪಂದಲ್ಲ. ಸೂಜಿ ಕೆಡ್ಸಿದ್ದು ನಾನು, ಮುದುಕಮ್ಮ ಸತ್ತಿದ್ದು ನನ್ ಕೈಯಿಂದ. ಇವನ್ನ ಓಡ್ಸಿದ್ದೂ ನಾನೇ. ನಿಮ್ಗೆ ಏಳಕ್ಕೇ ಬಂದಿವ್ನಿ, ಕೇಳ್ಕೊಳಿ,” ಎಂದೆ. ಆಗ ಅರ್ಥವಾಯಿತು. ದಡ್ಡರಿಗೆ ಕೂಗಿಯೇ ಹೇಳಬೇಕು. ಒಬ್ಬ ಹಲ್ಲು ಕಿರಿದ. ಇನ್ನೊಬ್ಬ, ಗಂಡಿನ ತಂದೆಯೇ ಇರಬೇಕು, ಲೋಟ ಕೆಳಗಿಟ್ಟು ಬಚ್ಚಪ್ಪನ ಕಡೆ ನೋಡಿದ. ಲಗ್ನ ಮತ್ತೆ ಕೂಡುತ್ತದೋ ಇಲ್ಲವೋ ಗೊತ್ತಿಲ್ಲ.

ವಾಪಸು ಬಾ ಎಂದು ಬಚ್ಚಪ್ಪನನ್ನು ಕರೆದೆ.

“ಇಲ್ಲ ನರ್ಸಮ್ಮಾ. ನಿಮ್ ಮಾತಿಗೆ ಬರೋನು ನಿಮ್ ಮಾತಿಗೇ ಓಗ್ಬೇಕಾಗ್ತದೆ,” ಎಂದ. ಬಸ್ಸಿನವರೆಗೂ ಬಂದು ಕಿಟಕಿಯ ಪಕ್ಕ ಜಾಗ ಹಿಡಿದು ಕೊಟ್ಟ.

ಮೇ ೫

ಬೆಳಿಗ್ಗೆ ಎಲ್ಲ ಮಂಚಗಳಿಗೂ ಕೇಳುವ ಹಾಗೆ ನಡುವೆ ನಿಂತು ಹೇಳಿದೆ. ಒಮ್ಮೆ ಹೇಳಿದ ಮೇಲೆ ಎರಡನೆಯ ಸಲ ಕಷ್ಟವಿಲ್ಲ ಎಂದುಕೊಂಡಿದ್ದೆ. ಕಷ್ಟವಿತ್ತು.

ಸೂಜಿಯ ತಟ್ಟೆ ತಂದಾಗ ಯಾರೂ ತೋಳು ಕೊಡಲಿಲ್ಲ, ಪಂಚೆ ಸರಿಸಲಿಲ್ಲ. ಎರಡನೆಯ ಮಂಚದ ಆಂಜಿನಪ್ಪ ಹೊದಿಕೆ ಎಳೆದುಕೊಂಡ. ಮುನಿಸ್ವಾಮಪ್ಪನೂ ಬೇಡ ಎಂದ. ಅವನಿಗೇನಾಗಿತ್ತು, ಅವನ ಸೂಜಿ ಸರಿಯಾಗಿಯೇ ಇತ್ತಲ್ಲ? ಕೇಳಿದೆ. “ಕನಕಂಗೆ ಕೊಟ್ಟ ಕೈಯಿಂದ ನಂಗೆ ಬ್ಯಾಡ,” ಎಂದ.

ಜಯರಾಮಪ್ಪನಿಗೆ ಸುದ್ದಿ ಮುಟ್ಟಿದೆ. ಹೊಸ ನರ್ಸನ್ನು ಹುಡುಕುತ್ತಾನಂತೆ. ಈ ದೂಳಿಗೆ ಯಾರು ಬರುತ್ತಾರೆ, ಹುಡುಕಲಿ.

ಮೇ ೭

ಮೂರು ದಿನದಿಂದ ಯಾರೂ ಔಷಧಿ ಚುಚ್ಚಿಸಿಕೊಂಡಿಲ್ಲ. ಒಂಬತ್ತನೆಯ ಮಂಚದ ಚಿಕ್ಕವೆಂಕಟಪ್ಪನ ಕೆಮ್ಮು ಮತ್ತೆ ಜೋರಾಗಿದೆ. ಬೇಡಿಕೊಂಡೆ. ನಾನು ಜನ್ಮದಲ್ಲಿ ಯಾರನ್ನೂ ಬೇಡಿಕೊಂಡವಳಲ್ಲ. ಅವನು ಕೆಮ್ಮುತ್ತಲೇ ತಲೆ ಅಲ್ಲಾಡಿಸಿದ. ಮೂರ್ಖ. ಮೂರ್ಖರೆಲ್ಲ. ಸಾಯುತ್ತಾರೆ, ಆಗಲೂ ನನ್ನ ಮೇಲೇ.

ಮೇ ೮

ಕನಕಮ್ಮನ ಮಗಳು ಮುನಿನಾರಾಯಣಮ್ಮ ಬಂದಳು. ಹೊತ್ತಿಳಿಯುವಾಗ ಬಾಗಿಲಲ್ಲಿ ನಿಂತಿದ್ದಳು. ಕಾಲು ಮೊಣಕಾಲಿನವರೆಗೆ ಇಟ್ಟಿಗೆಯ ಕೆಂಪು. ತಾಯಿ ಸತ್ತ ಸುದ್ದಿ ನಿನ್ನೆ ಸಿಕ್ಕಿತಂತೆ. ಜಯರಾಮಪ್ಪ ಅವಳಿಗೆ ಕುರ್ಚಿ ಕೊಡದೆ, ಮುಖವನ್ನೂ ನೋಡದೆ, “ವಯಸ್ಸಾಗಿತ್ತಮ್ಮಾ, ದೇವರ ಇಚ್ಛೆ,” ಎಂದು ಅಳೆದು ಕೊಟ್ಟು ಒಳಗೆ ಹೋದ.

ಅವಳನ್ನು ತಾಯಿಯ ಮಂಚಕ್ಕೆ ಕರೆದುಕೊಂಡು ಹೋಗಿ ಕೂರಿಸಿದೆ. ಹೇಳಿದೆ.

ತಾಯಿಯ ದಿಂಬಿನ ಮೇಲೆ ಕೈಯಾಡಿಸಿದಳು. ಆಮೇಲೆ, “ಯಾಕ್ ಏಳಿದ್ರಿ ನೀವು?” ಎಂದಳು. “ವಯ್ಸಾಗಿ ಓದ್ಲು ಅಂತ ಅತ್ತು ಸುಮ್ಕಾಗ್ತಿದ್ದೆ. ಈಗ ನಾನೇನ್ ಮಾಡ್ಲಿ? ನಿಮ್ನ ಒಡೀಲಾ?”

“ಒಡೀಬೇಕು ಅನ್ಸಿದ್ರೆ ಒಡಿ ತಾಯಿ.”

ಹೊಡೆಯಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಚ್ಚಪ್ಪನ ಉಗುರನ್ನು ನಾನು ನೋಡಿದ್ದು ಹಾಗೆಯೇ ಇರಬೇಕು.

“ಇವ್ರಿಗೆಲ್ಲಾ ಈಗ ಯಾರು ಚುಚ್ತಾರೆ?”

“ಯಾರೂ ಇಲ್ಲ. ನನ್ ಕೈಯಿಂದ ತಕೊಳಲ್ಲ ಅಂತಾರೆ. ಔಸ್ದಿ ಇಲ್ದೆ ಚಿಕ್ಕವೆಂಕಟಪ್ಪನೋರ್ಗೆ ಬೋ ಜಾಸ್ತಿ ಆಗದೆ.”

ಅವಳು ಆ ಕಡೆಯ ಕೆಮ್ಮನ್ನು ಕೇಳಿಸಿಕೊಂಡಳು. “ಆ ಮಾವ ನನ್ನ ಎಗಲ್ ಮ್ಯಾಲೆ ಕೂರಿಸ್ಕೊಂಡು ಗಣಿ ಶಾಫ್ಟ್ ತೋರಿಸ್ತಿದ್ದ,” ಎಂದಳು. ತಾಯಿಯ ಮಂಚದ ಮೇಲೆಯೇ ಗೋಡೆಗೆ ತಿರುಗಿ ಮಲಗಿಬಿಟ್ಟಳು. ಊಟ ತಂದಿಟ್ಟೆ, ಮುಟ್ಟಲಿಲ್ಲ.

ಮೇ ೯

ಬೆಳಿಗ್ಗೆ ಸ್ಟೌ ಹಚ್ಚುವಾಗ ಮುನಿನಾರಾಯಣಮ್ಮ ಬಂದು ಪಕ್ಕದಲ್ಲಿ ನಿಂತಳು. “ಎಂಗ್ ಮಾಡ್ತೀರೋ ನೋಡ್ತೀನಿ,” ಎಂದಳು. ನೀರು ಕುದಿಯಿತು. ಸಾಕೇ ಎಂದು ಕೇಳಿದಳು, ಇನ್ನೂ ಸ್ವಲ್ಪ ಎಂದೆ. ಎಷ್ಟು ಹೊತ್ತು ಎಂದಳು, ಹೇಳಿದೆ. ಏಕೆ ಎಂದಳು, ಅದನ್ನೂ ಹೇಳಿದೆ. ತಟ್ಟೆ, ಇಕ್ಕಳ, ಹತ್ತಿ, ಪ್ರತಿಯೊಂದಕ್ಕೂ ಬೊಟ್ಟು ಮಾಡಿದಳು. ನನ್ನ ಉಗುರುಗಳನ್ನೂ ನೋಡಿದಳು. ಬೇರೆ ಯಾರಾದರೂ ಹೀಗೆ ಕೇಳಿದ್ದರೆ ಆಚೆಗೆ ತಳ್ಳುತ್ತಿದ್ದೆ.

ಆಮೇಲೆ ನನಗಿಂತ ಮುಂದೆ ನಡೆದು ಪರದೆ ಸರಿಸಿದಳು. ಇಬ್ಬರೂ ಚಿಕ್ಕವೆಂಕಟಪ್ಪನ ಮಂಚದ ಪಕ್ಕ ನಿಂತೆವು. ಅವನು ನನ್ನನ್ನು ನೋಡಲಿಲ್ಲ, ಅವಳ ಮುಖವನ್ನೇ ನೋಡಿದ. ಮುನಿಸ್ವಾಮಪ್ಪ ಎದ್ದು ಕುಳಿತು ನೋಡಿದ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಅವಳು ಅಳುತ್ತಿದ್ದಳು. “ತಕೋ ಮಾವಾ,” ಎಂದಳು. “ನಾನ್ ನೋಡ್ದೆ. ಕುದ್ದೈತೆ.”

ಅವನು ನಿಧಾನವಾಗಿ ಮಗ್ಗುಲಾದ. ಮೊದಲ ಸಲ ಚುಚ್ಚುವವಳ ಹಾಗೆ ನಾನು ಸ್ಪಿರಿಟ್ ಹತ್ತಿಯಿಂದ ಅದೇ ಜಾಗವನ್ನು ಒರೆಸುತ್ತಲೇ ಇದ್ದೆ. ಅವಳು ನನ್ನ ಮುಂಗೈ ಹಿಡಿದಳು, ಹತ್ತಿ ಕೆಳಗಿಡುವವರೆಗೆ. ನಂತರ ಬಿಟ್ಟಳು. ಒಂದೊಂದೇ ಮಂಚ. ಪ್ರತಿ ಮಂಚದಲ್ಲಿಯೂ ಅವರು ಮೊದಲು ಅವಳನ್ನು ನೋಡಿದರು, ಅವಳು ತಲೆಯಾಡಿಸಿದಳು, ಆಮೇಲೆ ಅವರು ತಿರುಗಿದರು. ಮುನಿಸ್ವಾಮಪ್ಪನೂ ತಿರುಗಿದ.

ತಾಯಿಯ ಸೀರೆಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ನನಗೆ ಹೇಳಿ ಹೋಗಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸ್ಟೇಷನ್ನಿನ ಕಡೆಯ ರಸ್ತೆಯಲ್ಲಿ ಅವಳು ಕಾಣದಾಗುವವರೆಗೆ ಬಾಗಿಲಲ್ಲಿ ನಿಂತಿದ್ದೆ.

ಜಯರಾಮಪ್ಪ ಈಗ ತಾನೇ ಎದ್ದವನ ಹಾಗೆ ಹೊರಗೆ ಬಂದ. “ಯಾರ್ರೀ ಅದು, ವಾರ್ಡೆಲ್ಲ ಸುತ್ತಾಡಿದ ಆ ಹೆಂಗಸು? ಕಂಡಕಂಡವರನ್ನೆಲ್ಲ ಒಳಗೆ ಬಿಡ್ತೀರಾ?”

“ಇನ್‌ಸ್ಪೆಕ್ಷನ್ನಿಗೆ ಬಂದಿದ್ದರು,” ಎಂದೆ.

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, “ಏನಂದರು?” ಎಂದ.